ಕೆಜಿಎಫ್ ಸೈನೈಡ್ ದಿಬ್ಬದ ಪಕ್ಕ ಬೋರ್‌ವೆಲ್ ಇದ್ದವರಿಗೆ: ಮನೆಗೇ ಬಂದು ಮಾದರಿ ಒಯ್ಯುವ ನೀರು ಪರೀಕ್ಷೆ ಹೇಗಿದೆ?

ಲ್ಯಾಬ್‌ನವರ ಮಾಮೂಲಿ ಪ್ಯಾಕೇಜ್ ಇಲ್ಲಿಗೆ ಸಾಲದು. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಅದಿರು ಅರೆದು ಸೈನೈಡ್‌ನಲ್ಲಿ ತೊಳೆದ ಪುಡಿಮಣ್ಣಿನ ದಿಬ್ಬಗಳು ಉಳಿದಿವೆ. ಸೈನೈಡ್, ಆರ್ಸೆನಿಕ್, ಸಲ್ಫೇಟ್ ಮೂರನ್ನೂ ಹೆಸರು ಹೇಳಿಯೇ ಬರೆಸಿ. ವರದಿ ಚೆನ್ನಾಗಿದೆ: ಮಿತಿಯನ್ನೂ ಪಕ್ಕದಲ್ಲೇ ಕೊಡುತ್ತಾರೆ, ಲೀಟರಿಗೆ ಸೈನೈಡ್ 0.05, ಆರ್ಸೆನಿಕ್ 0.01 ಮಿಲಿಗ್ರಾಂ.

ಎಡವಟ್ಟಾಗುವುದು ನೀರು ಹಿಡಿಯುವಾಗ. ಎಲ್ಲಕ್ಕೂ ಒಂದೇ ಬಾಟಲಿ ತಂದರೆ ಒಪ್ಪಬೇಡಿ. ಸೈನೈಡ್ ಬಾಟಲಿಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 12 ದಾಟಿಸಬೇಕು, ಇಲ್ಲದಿದ್ದರೆ ಸೈನೈಡ್ ಅನಿಲವಾಗಿ ಹಾರಿಹೋಗಿ ವರದಿಯಲ್ಲಿ ‘ಇಲ್ಲ’ ಎಂದು ಬರುತ್ತದೆ. ಆರ್ಸೆನಿಕ್ ಬಾಟಲಿಗೆ ನೈಟ್ರಿಕ್ ಆಮ್ಲ. ಮೊದಲು ಮೋಟರ್ ಹತ್ತು ನಿಮಿಷ ಓಡಿಸಿ. ಐಸ್ ಪೆಟ್ಟಿಗೆ ಇಲ್ಲದೆ ಬಂದವರ ಕೈಗೆ ಮಾದರಿ ಕೊಡಬೇಡಿ. ಆರ್ಸೆನಿಕ್ ಮಿತಿ ಮೀರಿದ್ದರೆ ಕುದಿಸಿ ಪ್ರಯೋಜನವಿಲ್ಲ, ಆ ನೀರು ಕುಡಿಯುವುದನ್ನೇ ನಿಲ್ಲಿಸಿ.