ಹದಿನೈದು ವರ್ಷದ ನನ್ನ ಆರ್‌ಎಕ್ಸ್ 100: ಎರಡು ಸಲ ಪಿಸ್ಟನ್ ಹಿಡೀತು, ಕಾರಣ ಸಿಕ್ಕಿದ್ದು ಬಿಪಿ ಮಷೀನಿನ್ಯಾಗ

ಗಾಡಿ ಯಮಹಾ ಆರ್‌ಎಕ್ಸ್ 100, 1994ರ ಮಾಡೆಲ್. ನಾ ತಗೊಂಡಿದ್ದು 2009ರಾಗ, ಮುಧೋಳ ಕಡೆ ಒಬ್ಬ ರೈತರ ಕಡಿಂದ ಸೆಕೆಂಡ್ ಹ್ಯಾಂಡ್. ಅವತ್ತಿಂದ ಇವತ್ತಿನ ತನಕಾ ಹದಿನೈದು ವರ್ಷ ಓಡಸೇನಿ. ಮನಿ ಬೀಳಗ್ಯಾಗ, ನೌಕ್ರಿ ಹಳ್ಳಿ ಸಾಲ್ಯಾಗ ಮಾಸ್ತರಕಿ, ಹೋಗಿ ಬಂದು 24 ಕಿಲೋಮೀಟರ್. ಈ ಗಾಡಿ ಪಿಕಪ್ ಬಗ್ಗೆ, ಸೌಂಡ್ ಬಗ್ಗೆ ಎಲ್ಲಾರೂ ಬರದಾರ, ನಾ ಮತ್ತ ಅದನ್ನ ಬರಿಯಂಗಿಲ್ಲ. ಪಿಸ್ಟನ್ ಹಿಡದಾಗ, ಅಂದ್ರ ಎಂಜಿನ್ ಒಳಗ ಪಿಸ್ಟನ್ ಸಿಲಿಂಡರ್ ಗೋಡಿಗೆ ಹತ್ಕೊಂಡು ನಿಂತಾಗ, ಏನ್ ಮಾಡ್ಬೇಕು, ಅದಕ್ಕಿಂತ ಮುಖ್ಯ ಯಾಕ ಹಿಡೀತು ಅಂತ ಹೆಂಗ ಹುಡುಕ್ಬೇಕು ಅನ್ನೂದನ್ನ ಬರೀತೇನಿ, ಯಾಕಂದ್ರ ಬೋರ್ ಮಾಡ್ಸಿ ಮಾಡ್ಸಿ (ಸಿಲಿಂಡರ್ ಒಳಗೋಡಿ ಕೊರಸಿ ದೊಡ್ಡದು ಮಾಡ್ಸೂದು) ಬ್ಯಾಸತ್ತು ಚೊಲೋ ಚೊಲೋ ಗಾಡಿ ಗುಜರಿಗೆ ಹಾಕಿದವ್ರನ್ನ ನಮ್ಮ ಕಡೆ ಭಾಳ ಮಂದಿ ನೋಡೇನಿ, ಹೊಟ್ಟಿ ಉರೀತೈತಿ.

ಗೊತ್ತಿಲ್ಲದವ್ರಿಗೆ ಎರಡು ಮಾತು. ಈ ಟು ಸ್ಟ್ರೋಕ್ ಗಾಡಿ ನಮ್ಮ ದೇಶದಾಗ 1985ರಿಂದ 1996ರ ತನಕಾ ತಯಾರಾತು. ಬೋರ್ ಅಂದ್ರ ಸಿಲಿಂಡರಿನ ಅಗಲ 50 ಮಿ.ಮೀ, ಸ್ಟ್ರೋಕ್ ಅಂದ್ರ ಪಿಸ್ಟನ್ ಓಡಾಡೂ ಉದ್ದಾನೂ 50 ಮಿ.ಮೀ, 98 ಸಿಸಿ, 7500 ಆರ್‌ಪಿಎಂಗೆ 11 ಬಿಎಚ್‌ಪಿ. ಪೆಟ್ರೋಲ್ ಕೂಡ ಎಂಜಿನ್ನಿಗೆ ಹೋಗೂ ಟು-ಟಿ ಆಯಿಲ್‌ಗೆ ಬ್ಯಾರೇ ಟಾಕಿ ಐತಿ, ಸಣ್ಣ ಪಂಪೊಂದು ಎಕ್ಸಲೇಟರ್ ತಿರುವಿದಷ್ಟು ಆಯಿಲ್ ತಾನ ಕೊಡ್ತೈತಿ. ಮೈಲೇಜ್ ನನಗ 40ರ ಆಸುಪಾಸು ಬರ್ತೈತಿ, ಕಬ್ಬಿನ ಟ್ರ್ಯಾಕ್ಟರ್ ಹಿಂದ ತೆವಳೂ ಸೀಜನ್‌ದಾಗ ಇನ್ನೂ ಕಡಿಮಿ.

ಮೊದಲನೇ ಸಲ ಹಿಡದಿದ್ದು 2013ರ ಜನವರಿ. ವಿಜಯಪುರದ ಸಿದ್ಧೇಶ್ವರ ಜಾತ್ರಿಗೆ ಹೊಂಟಿದ್ವಿ, ಹಿಂದ ನಮ್ಮ ಕಾಕಾ ಕುಂತಿದ್ರು, ಬೆಳಿಗ್ಗಿ ಥಂಡಿ ಅಂದ್ರ ಕೈಬೆರಳು ಸೆಟಗೊಂಡಿದ್ವು. ಅರ್ಧ ತಾಸು ಓಡಿತ್ತು, ಎಂಜಿನ್ ಬಿಸಿ ಆಗಿತ್ತು, ಕೊರ್ತಿ-ಕೊಲ್ಹಾರ ಸೇತುವೆ ಬಂತು, ಎರಡೂ ಕಡೆ ಕೃಷ್ಣಾ ಹಿನ್ನೀರು, ರಸ್ತೆ ಖಾಲಿ, ಫುಲ್ ಎಕ್ಸಲೇಟರ್ ಕೊಟ್ಟೆ. ಸೇತುವೆ ನಡುವ ಬಂದಾಗ ಯಾರೋ ಹಿಂದಿಂದ ಜಗ್ಗಿ ಹಿಡದಂಗ ಗಾಡಿ ಭಾರ ಆತು, ಒಂದ್ ಸೆಕೆಂಡ್ ಸಣ್ಣಗೆ "ಚೀಂ" ಅಂತ ಸಪ್ಪಳ ಬಂತು, ಹಿಂದಿನ ಗಾಲಿ ಲಾಕ್ ಆಗಿ ಟೈರ್ ಕೊರಕೋಂತ ಹೋತು. ಕ್ಲಚ್ ಹಿಡದೆ, ಗಾಲಿ ಬಿಡ್ತು, ಬದುಕಿದ್ವಿ. ಕಾಕಾ ಹಿಂದಿಂದ "ಬ್ರೇಕ್ ಯಾಕ ಹೊಡದ್ಯೋ ಹುಚ್ಚಾ" ಅಂತ ಬೈದ್ರು. ಕಿಕ್ ಮ್ಯಾಲ ನಿಂತ್ರೂ ಕಿಕ್ ಕೆಳಗ ಇಳೀಲಿಲ್ಲ.

ಮುಕ್ಕಾಲು ತಾಸು ನಿಂತ್ವಿ, ಎಂಜಿನ್ ಆರಿದ ಮ್ಯಾಲ ಕಿಕ್ ಇಳೀತು, ಮೆಲ್ಲಕ ಕೊಲ್ಹಾರದ ತನಕಾ ಹೋದ್ವಿ. ಯಾಕ ಬಿಡ್ತು ಅಂದ್ರ ಪಿಸ್ಟನ್ ಅಲ್ಯುಮಿನಿಯಂದು, ಅದು ಓಡಾಡೋ ಲೈನರ್ ಬೀಡ ಕಬ್ಬಿಣದ್ದು, ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಉಬ್ಬತೈತಿ. ಅವೆರಡರ ನಡುವ ಇರೋ ಸಂದಿ ಕೂದಲೆಳಿಗಿಂತ ಸಣ್ಣದು. ಅತಿ ಬಿಸಿ ಆತಂದ್ರ ಪಿಸ್ಟನ್ ಉಬ್ಬಿ ಸಂದಿ ಮುಗದು ಆಯಿಲ್ ಪದರ ಹರದು ಗೋಡಿಗೆ ಹತ್ಕೋತೈತಿ, ಆರಿದ ಮ್ಯಾಲ ಕುಗ್ಗಿ ಬಿಡ್ತೈತಿ. ಬಿಡ್ತು ಅಂತ ಖುಷಿಪಟ್ಟು ಹಂಗ ಓಡಸಬ್ಯಾಡ್ರಿ, ಒಳಗ ಗೀರು ಬಿದ್ದಿರ್ತಾವು.

ಊರಿಗೆ ಬಂದು ಒಂದು ಗ್ಯಾರೇಜಿನ್ಯಾಗ ಬಿಟ್ಟೆ, ಹೆಸರು ಬ್ಯಾಡ. ಬಿಚ್ಚಿ ನೋಡಿದವ್ರ "ಆಯಿಲ್ ಕಮ್ಮಿ ಆಗೇತಿ" ಅಂದ್ರು, 0.25 ಮಿ.ಮೀ ಓವರ್‌ಸೈಜ್ ಪಿಸ್ಟನ್ ಹಾಕಿ ಬೋರ್ ಮಾಡ್ಸಿದ್ರು, ಪಂಪ್ ಹೆಚ್ಚು ಮಾಡಿ, ಮ್ಯಾಲ ಪೆಟ್ರೋಲ್ ಟಾಕಿಗೂ ಆಯಿಲ್ ಹಾಕ್ರಿ ಅಂತ ಹೇಳಿ ಕಳಿಸಿದ್ರು. ನಾನೂ ಹೌದಂತ ಹಾಕ್ಕೋಂತ ಬಂದೆ, ಹೊಗಿ ಮಗಿ ಎಲ್ಲಾ ಬರ್ತಿತ್ತು. ಆಮ್ಯಾಲ ಗೊತ್ತಾಗಿದ್ದು ಏನಂದ್ರ ಪೆಟ್ರೋಲಿಗೆ ಆಯಿಲ್ ಹೆಚ್ಚು ಕಲಿಸಿದ್ರ ಅದೇ ಜೆಟ್ಟಿನ್ಯಾಗ (ಕಾರ್ಬೋರೇಟರಿನ ಪೆಟ್ರೋಲ್ ತೂತು) ಹೋಗೂ ಪೆಟ್ರೋಲ್ ಅಷ್ಟ ಕಡಿಮಿ ಆಗ್ತೈತಿ, ಅಂದ್ರ ಗಾಳಿ ಪ್ರಮಾಣ ಹೆಚ್ಚಾಗಿ ಎಂಜಿನ್ ಇನ್ನಷ್ಟು ಬಿಸಿ. ಕಾಯಿಲೆ ಒಂದು, ಔಷಧ ಅದನ್ನ ಹೆಚ್ಚು ಮಾಡೂದು. ವರ್ಷ ತುಂಬೂದ್ರಾಗ, 2013ರ ಡಿಸೆಂಬರ್‌ದಾಗ, ಬೀಳಗಿ ಕ್ರಾಸ್ ಹಂತ್ಯಾಕ ಮತ್ತ ಹಿಡೀತು. ಅವತ್ತೂ ಥಂಡಿ ಮುಂಜಾನಿ, ಅವತ್ತೂ ಅದೇ ಚೀಂ.

ಈ ಸಲ ಬಾಗಲಕೋಟಿ ಹಳೇ ಊರಾಗ ಒಬ್ಬ ವಯಸ್ಸಾದ ಮಿಸ್ತ್ರಿ ಕಡೆ ಟಂಟಂದಾಗ ಹೇರಿ ಒಯ್ದೆ. ಅವ್ರು ಗಾಡಿ ಮುಟ್ಟೂಕಿಂತ ಮೊದ್ಲ ಕೇಳಿದ್ದು, "ಮಾಸ್ತರ್ರ, ಹೋದ್ ಸಲ ಬಿಚ್ಚಿದ ಪಿಸ್ಟನ್ ಎಲ್ಲೈತ್ರಿ? ಅದನ್ನ ತಗೊಂಡ್ ಬರ್ರಿ, ಆಮ್ಯಾಲ ಮಾತಾಡೂಣು." ನಮ್ಮ ಮನ್ಯಾಗ ಅದು ಟೇಬಲ್ ಮ್ಯಾಲ ಹುಡುಗರ ಪೆನ್ಸಿಲ್ ಇಡೂ ಡಬ್ಬಿ ಆಗಿತ್ತು. ಮರುದಿನ ಒಯ್ದು ಕೊಟ್ಟೆ.

ಅವ್ರು ಹೆಡ್ ಬಿಚ್ಚಲಿಲ್ಲ. ಮೊದ್ಲ ಪ್ಲಗ್ ಬಿಚ್ಚಿದ್ರು. ಪ್ಲಗ್ಗಿನ ಬಿಳಿ ಪಿಂಗಾಣಿ ನಡುವಿಂದು ಚಾದ ಬಣ್ಣ ಇರ್ಬೇಕು, ನಂದು ಸುಣ್ಣ ಬಳದಂಗ ಬೆಳ್ಳಗಿತ್ತು, ಅದರ ಮ್ಯಾಲ ಸೂಜಿ ಮೊನಿಯಷ್ಟು ಹೊಳೆಯೂ ಚುಕ್ಕಿ. "ಇವು ನಿಮ್ಮ ಪಿಸ್ಟನ್ನಿನ ಚೂರ್ರಿ" ಅಂದ್ರು. ಆಮ್ಯಾಲ ಸೈಲೆನ್ಸರ್ ಬೆಂಡಿನ ಎರಡು ನಟ್ ಬಿಚ್ಚಿ, ಆ ತೂತಿನ್ಯಾಗ ಬ್ಯಾಟ್ರಿ ಹಿಡದು, ಕಿಕ್ ಮೆಲ್ಲಕ ಒತ್ತಿ ಪಿಸ್ಟನ್ ಮ್ಯಾಲ ಕೆಳಗ ಮಾಡಿ ನನ್ನ ಕರದು ತೋರ್ಸಿದ್ರು. ಗೀರು ಎದ್ದು ಕಾಣ್ತಿದ್ವು, ಮ್ಯಾಲಿಂದ ಕೆಳಗ, ಹೆಬ್ಬೆರಳಿನಷ್ಟು ಅಗಲ, ರಿಂಗ್ ಒಂದು ಕಡೆ ಅಲ್ಯುಮಿನಿಯಂ ಮೆತ್ಕೊಂಡು ತನ್ನ ಕಚ್ಚಿನ್ಯಾಗ ಸಿಗಬಿದ್ದು ಕುಂತ ಬಿಟ್ಟಿತ್ತು. ಎಂಜಿನ್ ಬಿಚ್ಚದ ಪಿಸ್ಟನ್ ಹಿಡದೈತೋ ಇಲ್ಲೋ ನೋಡಾಕ ಇದಕ್ಕಿಂತ ಸಸಾರ ದಾರಿ ಇಲ್ಲ, ಎರಡು ನಟ್ಟಿನ ಕೆಲಸ.

ಆಮ್ಯಾಲ ಮಾಡಿದ್ದು ನಾ ಜನ್ಮದಾಗ ನೋಡಿರ್ಲಿಲ್ಲ. "ಮನ್ಯಾಗ ಬಿಪಿ ನೋಡೂ ಮಷೀನ್ ಐತೇನ್ರಿ, ಕೈಲೆ ಒತ್ತೂದು?" ಅಂದ್ರು. ಅಪ್ಪಾರಿಗೆ ತಂದಿದ್ದು ಇತ್ತು, ಡಯಲ್ ಇರೋದು. ಸೈಲೆನ್ಸರ್ ತೂತಿಗೆ ಲಾರಿ ಟ್ಯೂಬಿನ ತುಂಡು ಕೊಟ್ಟು ಪಟ್ಟಿ ಇಟ್ಟು ಬಿಗಿದ್ರು, ಕಾರ್ಬೋರೇಟರ್ ಬಿಚ್ಚಿ ಅದರ ರಬ್ಬರಿನ ಬಾಯಿಗೆ ಬೂಚು ಜಡದು ಬೂಚಿನ್ಯಾಗ ಬಿಪಿ ಮಷೀನಿನ ಪೈಪ್ ತೂರ್ಸಿದ್ರು, ಪಿಸ್ಟನ್ ಕೆಳಗ ಇಳಿಸಿಟ್ಟು ಬಲ್ಬ್ ಒತ್ಕೋಂತ 260ಕ್ಕ ತಂದ್ರು. 260 ಅಂದ್ರ ಸುಮಾರು 5 ಪಿಎಸ್‌ಐ, ಅದಕ್ಕಿಂತ ಹೆಚ್ಚು ಒತ್ತಿದ್ರ ಚೊಲೋ ಸೀಲ್‌ಗೂ ಪೆಟ್ಟು. ಮುಳ್ಳು ಒಂದು ಕಡೆ ನಿಂತ್ರ ಎಂಜಿನ್ ಗಟ್ಟಿ, ಗಾಳಿ ಎಲ್ಲೂ ಸೋರಂಗಿಲ್ಲ. ನಂದು ಒಂದು ನಿಮಿಷದಾಗ 100ಕ್ಕ ಬಂತು. ಸೋಪಿನ ನೀರು ಹಚ್ಚಿದ್ರು, ಕಾರ್ಬೋರೇಟರ್ ರಬ್ಬರಿನ ಬುಡದಾಗ, ಕೆಳಗಿನ ಬಾಜೂ, ಕಣ್ಣಿಗೆ ಕಾಣದ ಒಂದು ಬಿರುಕಿನಿಂದ ಬುರುಗು ಉಕ್ಕಾಕ ಹತ್ತಿತು. ಹೊಸಾ ರಬ್ಬರ್ ಹಾಕಿ ಮತ್ತ ಒತ್ತಿದ್ರು, ಮುಳ್ಳು ಈಗೂ ಇಳೀತಿತ್ತು, ಆದ್ರ ಮೆಲ್ಲಕ. ಪುಲ್ಲರ್ ಹಾಕಿ ಎಡಗಡೆ ಮ್ಯಾಗ್ನೆಟ್ ಕಿತ್ತು ಕ್ರ್ಯಾಂಕ್ ಸೀಲಿಗೆ (ಎಂಜಿನ್ನಿನ ತಿರುಗೂ ದಂಡಿನ ಸುತ್ತ ಗಾಳಿ ತಡಿಯೂ ರಬ್ಬರ್ ಉಂಗುರ) ಸೋಪ್ ಹಚ್ಚಿದ್ರ ಅಲ್ಲೂ ಬುರುಗು. ಕಿತ್ತು ಕೈಯಾಗ ಕೊಟ್ರು, ಬಿಸಲಾಗ ಬಿದ್ದ ಚಪ್ಪಲಿ ಉಂಗುಷ್ಠದಂಗ ಸೆಟದಿತ್ತು, ಬಗ್ಗಿಸಿದ್ರ ಚಟ್ ಅಂತ ಮುರೀತು.

ಟು ಸ್ಟ್ರೋಕ್ ಎಂಜಿನ್ನಿನ್ಯಾಗ ಪೆಟ್ರೋಲ್ ಗಾಳಿ ಎರಡೂ ಮೊದ್ಲ ಕ್ರ್ಯಾಂಕ್ ಕೋಣಿಗೆ ಹೋಗಿ ಅಲ್ಲಿಂದ ಮ್ಯಾಲ ಬರ್ತಾವು, ಹಂಗಾಗಿ ಆ ಕೋಣಿಗೆ ಎಲ್ಲಿಂದರ ಕಳ್ಳ ಗಾಳಿ ಹೊಕ್ಕರ ಪೆಟ್ರೋಲ್ ಕಮ್ಮಿ ಗಾಳಿ ಹೆಚ್ಚು ಆಗಿ ಉರಿ ಅತಿ ಬಿಸಿ ಆಗ್ತೈತಿ. ಬಲಗಡೆ ಸೀಲ್ ಹೋದ್ರ ಗೇರ್ ಆಯಿಲ್ ಎಳಕೊಂಡು ಬೆಳ್ಳನ ಹೊಗಿ ಬಿಡ್ತೈತಿ, ಆಯಿಲ್ ಇಳೀತೈತಿ, ಗೊತ್ತಾಗ್ತೈತಿ. ಎಡಗಡೆ ಸೀಲ್ ಹೋದ್ರ ಬರೇ ಗಾಳಿ, ಹೊರಗ ಏನೂ ಕಾಣ್ಸಂಗಿಲ್ಲ.

ಕಡೀಕ ಎಂಜಿನ್ ಬಿಚ್ಚಿ ಎರಡೂ ಪಿಸ್ಟನ್ ಒಂದ ಅರಬಿ ಮ್ಯಾಲ ಬಾಜೂ ಬಾಜೂಕ ಇಟ್ರು. ಒಂದು ಸ್ಟ್ಯಾಂಡರ್ಡ್, ಇನ್ನೊಂದರ ತಲಿ ಮ್ಯಾಲ 25 ಅಂತ ಒತ್ತಿತ್ತು. ಬಾಣದ ಗುರುತು ಮುಂದ ಮಾಡಿ ಇಟ್ರ ಎರಡರ ಗಾಯಾನೂ ಒಂದ ಜಾಗಾದಾಗ, ಸೈಲೆನ್ಸರ್ ಕಡೆ. ಹಿಂದಿನ ಮಗ್ಗಲ ನೋಡಿದ್ರ ಸ್ವಚ್ಛ, ಬೆರಳು ಎಳದ್ರ ಆಯಿಲ್ ಜಿಗಿ ಹತ್ತತಿತ್ತು. ಆಯಿಲ್ ಕಮ್ಮಿ ಆಗಿದ್ರ ಸುತ್ತೂಕಡೆ ಗೀರು ಬಿದ್ದಿರ್ಬೇಕಿತ್ತು, ಪಿಸ್ಟನ್ ಪಿನ್ನಿನ ಸೂಜಿ ಬೇರಿಂಗ್ ಸುಟ್ಟು ನೀಲಿ ತಿರುಗಿರ್ಬೇಕಿತ್ತು, ಎರಡೂ ಇರ್ಲಿಲ್ಲ. ಆ ಪೆನ್ಸಿಲ್ ಡಬ್ಬಿ ಹನ್ನೊಂದು ತಿಂಗಳು ನಮ್ಮ ಟೇಬಲ್ ಮ್ಯಾಲ ಕುಂತು ಇದನ್ನ ಹೇಳ್ತಿತ್ತು, ಓದಾಕ ನಮಗ ಬರ್ಲಿಲ್ಲ ಅಷ್ಟ. ನಿಮ್ಮ ಹಳೇ ಪಿಸ್ಟನ್ ಗ್ಯಾರೇಜಿನ್ಯಾಗ ಬಿಟ್ಟು ಬರಬ್ಯಾಡ್ರಿ, ಕೈಮುಗದು ಹೇಳ್ತೇನಿ.

ಗೀರು ನಾಲ್ಕು ಮೂಲ್ಯಾಗ ಸಮ ಬಿದ್ದಿದ್ರ ಅದು ಬ್ಯಾರೇ ಕಥಿ. ಥಂಡಿ ಎಂಜಿನ್ ಚಾಲೂ ಮಾಡಿದ ಕೂಡ್ಲೇ ಜೋರ್ ಎಳದ್ರ ಪಿಸ್ಟನ್ ಲಗೂ ಉಬ್ಬತೈತಿ, ಸಿಲಿಂಡರ್ ಇನ್ನೂ ಥಂಡೀನ ಇರ್ತೈತಿ, ಹಿಡಕೋತೈತಿ. ಬೋರ್ ಬಿಗಿ ಹೊಡದಿದ್ರೂ ಹಿಂಗ ಆಗ್ತೈತಿ. ಕೆನಡಾದಂಥ ಹಿಮದ ನಾಡಿನ್ಯಾಗ ಹಿಮದ ಮ್ಯಾಲ ಓಡಸೂ ಸ್ನೋಮೊಬೈಲ್‌ಗೂ ಟು ಸ್ಟ್ರೋಕ್ ಎಂಜಿನ್ ಇರ್ತಾವು, ಅಲ್ಲಿಯವ್ರಿಗೂ ಇದು ಗೊತ್ತಿರೋ ಕಾಟ. ಥಂಡಿ ಗಾಳಿ ದಟ್ಟ ಇರ್ತೈತಿ, ಅದಕ್ಕ ತಕ್ಕಂಗ ಪೆಟ್ರೋಲೂ ಹೆಚ್ಚು ಬೇಕು ಅಂತ ಕಾರ್ಬೋರೇಟರ್ ಇರೋ ಎಂಜಿನ್ನಿಗೆ ಅವ್ರು ದೊಡ್ಡ ಜೆಟ್ ಹಾಕ್ತಾರ. ಇದು ತಿಳದ ಮ್ಯಾಲ ನನಗ ನನ್ನ ಗಾಡಿದೂ ತಿಳೀತು. ಏಪ್ರಿಲ್ ಧಗ್ಯಾಗ ಹಿಡೀಲಾರದ್ದು ಎರಡೂ ಸಲ ಚಳಿಗಾಲದ ಮುಂಜಾನೀನ ಯಾಕ ಹಿಡೀತು ಅಂದ್ರ, ಕಳ್ಳ ಗಾಳಿ ಮೊದ್ಲ ಇತ್ತು, ಥಂಡಿ ಗಾಳಿ ಅದಕ್ಕ ಕೂಡ್ತು.

ಇನ್ನು ಪಿಸ್ಟನ್ ತಲಿ ಅಂಚು ಇಲಿ ತಿಂದಂಗ ಚೂರ್ ಚೂರ್ ಹೋಗಿದ್ರ, ಇಲ್ಲಾ ನಡುವ ತೂತು ಬಿದ್ದಿದ್ರ ಟೈಮಿಂಗು, ಪೆಟ್ರೋಲು, ತಪ್ಪು ಪ್ಲಗ್ಗು ನೋಡ್ರಿ.

ಸಿಲಿಂಡರ್ 0.50ಕ್ಕ ಬೋರ್ ಆತು. ಮಿಸ್ತ್ರಿ ಪಿಸ್ಟನ್ ಮೊದ್ಲ ತಂದು ಲೇಥ್ ಅಂಗಡ್ಯಾಗ ಕೈಯಾಗ ಕೊಟ್ರು, ಪಿಸ್ಟನ್ ಅಳದು ಅದಕ್ಕ ತಕ್ಕಂಗ ಬೋರ್ ಹೊಡೀರಿ ಅಂತ. ಬೋರ್ ಆದ ಮ್ಯಾಲ ಪೋರ್ಟಿನ (ಸಿಲಿಂಡರ್ ಗೋಡ್ಯಾಗಿನ ತೂತು) ಅಂಚು ಚೂಪ್ ಇರ್ತಾವು, ರಿಂಗ್ ಸಿಗಬೀಳ್ತೈತಿ, ಅದನ್ನ ಸಣ್ಣ ಕಲ್ಲಿನ್ಯಾಗ ಉಜ್ಜಿ ನುಣ್ಣಗ ಮಾಡಿದ್ರು. ಪಿಸ್ಟನ್ ಪಿನ್ ಹಿಡಿಯೂ ಸಣ್ಣ ಸರ್ಕ್ಲಿಪ್ ಹಳೇದು ಹಾಕ್ಲಿಲ್ಲ. ಜೋಡ್ಸಿದ ಮ್ಯಾಲ ಬಿಪಿ ಮಷೀನ್ ಮತ್ತ ಒಂದ್ ಸಲ, ಮುಳ್ಳು ಅಲುಗಲಿಲ್ಲ. ಮೊದಲ 500 ಕಿಲೋಮೀಟರ್ 45ರ ಮ್ಯಾಲ ಹೋಗ್ಲಿಲ್ಲ, ಭಾಳ ಕಷ್ಟಪಟ್ಟೆ.

ರಸ್ತ್ಯಾಗ ನಿಮ್ಮ ಗಾಡಿ ಹಿಡದ್ರ ಕ್ಲಚ್ ಮೊದ್ಲ, ಉಳದಿದ್ದೆಲ್ಲಾ ಆಮ್ಯಾಲ. ಟು ಸ್ಟ್ರೋಕ್ ಓಡಸೂವಾಗ ಎರಡು ಬೆರಳು ಸದಾ ಕ್ಲಚ್ ಮ್ಯಾಲ ಇರ್ಲಿ. ಬಿಸಿ ಎಂಜಿನ್ ಮ್ಯಾಲ ನೀರ್ ಮಾತ್ರ ಸುರೀಬ್ಯಾಡ್ರಿ, ಕಿಕ್ ಮ್ಯಾಲ ಜಿಗದಾಡಬ್ಯಾಡ್ರಿ. ಭಾಳ ದಿನ ನಿಂತು ತುಕ್ಕಿಗೆ ಹಿಡದಿದ್ರ ಪ್ಲಗ್ ತೂತಿನ್ಯಾಗ ಡೀಸೆಲ್ ಆಯಿಲ್ ಕಲಿಸಿ ಹಾಕಿ ಎರಡು ದಿನ ನೆನಿಲಿಕ್ಕೆ ಬಿಡ್ರಿ, ಸುತ್ತಿಗಿ ತಗೀಬ್ಯಾಡ್ರಿ. ಮತ್ತ ಹಿಡಿಯೂಕಿಂತ ಮೊದ್ಲ ಗಾಡಿ ಹೇಳೇ ಹೇಳ್ತೈತಿ. ಎಕ್ಸಲೇಟರ್ ಬಿಟ್ರೂ ರೇಸ್ ಇಳೀದ "ವೂಂ" ಅಂತ ಮ್ಯಾಲ ನಿಂತಿರ್ತೈತಿ, ನಂದು ಆರು ತಿಂಗಳು ಹಂಗ ಮಾಡಿತ್ತು, ನಾ ಕೇಬಲ್ ಸಿಗಬಿದ್ದೈತಿ ಅಂತ ಕೇಬಲ್ ಬದಲಿ ಮಾಡ್ಸಿದ್ದೆ.

2014ರಿಂದ ಇವತ್ತಿನ ತನಕಾ 50 ಸಾವಿರ ಕಿಲೋಮೀಟರ್ ದಾಟೈತಿ, ನಡುವ ಒಂದ್ ಸಲ ರಿಂಗ್ ಅಷ್ಟ ಬದಲಿ ಮಾಡ್ಸೇನಿ, ಪಿಸ್ಟನ್ ಹಿಡದಿಲ್ಲ. ಅದೇ ಸೇತುವೆ ಮ್ಯಾಲ ಪ್ರತಿ ವರ್ಷ ಜಾತ್ರಿಗೆ ಹೋಗ್ತೇನಿ. ಈ ಗಾಡಿ ತಗೋರಿ ಅಂತ ಹೇಳ್ತೇನೇನು? ವಾರಕ್ಕೊಮ್ಮಿ ಪ್ಲಗ್ ಬಿಚ್ಚಿ ಬಣ್ಣ ನೋಡೂ ತಾಳ್ಮಿ ಇದ್ರ ತಗೋರಿ, ಕೀಲಿ ತಿರುವಿ ಹೋಗೂದಷ್ಟ ಬೇಕಿದ್ರ ಬ್ಯಾಡ. ತಗೋಳ್ಳೂದಾದ್ರ ಬಣ್ಣ, ಸ್ಟಿಕ್ಕರ್, ಟಾಕಿ ಹೊಳಪು ನೋಡಬ್ಯಾಡ್ರಿ, ಒಂದು ಬಿಪಿ ಮಷೀನ್ ಒಯ್ಯಿರಿ.

ದಸರಾಕ ಆಯುಧ ಪೂಜಾಕಿಂತ ಮೊದ್ಲ ವರ್ಷಾ ಮುಳ್ಳು ನೋಡ್ತೇನಿ. ಈ ವರ್ಷ ಐದು ನಿಮಿಷದಾಗ 260ರಿಂದ 230ಕ್ಕ ಬಂತು, ಎಡಗಡೆ ಸೀಲ್ ಮತ್ತ ಬದಲಿ ಮಾಡ್ಸೂ ಹೊತ್ತು ಬಂದೈತಿ. ಬಾಗಲಕೋಟಿ, ಜಮಖಂಡಿ, ಇಳಕಲ್ ಕಡೆ ಒರಿಜಿನಲ್ ಸೀಲ್ ಯಾರ ಹಂತ್ಯಾಕ ಸಿಗ್ತೈತಿ ಗೊತ್ತಿದ್ದವ್ರು ಹೇಳ್ರಿ, ಚಳಿ ಬರೂದ್ರಾಗ ಹಾಕ್ಸಬೇಕು.