ಜ್ವರಕ್ಕೆ ಕಾರಣ ಹುಡುಕಿಕೊಟ್ಟ ರುಮಟಾಲಜಿ ವಿಭಾಗ: ಹೆಂಡತಿಯ ಜೊತೆ ಹೋದ ಗಂಡನ ರಿವ್ಯೂ

ಏನು ಕಾಯಿಲೆ ಅಂತ ಯಾರೂ ಹೇಳಲಾಗದೆ ಒದ್ದಾಡುತ್ತಿರುವವರು ಈ ರುಮಟಾಲಜಿ, ಅಂದರೆ ಕೀಲು ಮತ್ತು ಉರಿಯೂತದ ಕಾಯಿಲೆಗಳ ವಿಭಾಗಕ್ಕೆ ಖಂಡಿತ ಹೋಗಿ. ಹಳೆಯ ರಿಪೋರ್ಟ್‌ಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿಕೊಂಡು ಹೋಗಿ. ತುಂಬಾ ಕಾಯಬೇಕಾಗುತ್ತದೆ, ಅದಕ್ಕೂ ತಯಾರಾಗಿರಿ.

ನನ್ನ ಹೆಂಡತಿಗೆ ಇನ್ನೂ ಮೂವತ್ತು ತುಂಬಿಲ್ಲ. ಮೊದಲು ಗಂಟಲು ನೋವು ಬಂತು. ಆಮೇಲೆ ಸಂಜೆಯಾದರೆ ಸಾಕು, ಜ್ವರ 39 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಬೆಳಗಾಗುವಷ್ಟರಲ್ಲಿ ಇಳಿದುಬಿಡುತ್ತಿತ್ತು. ಮಣಿಕಟ್ಟು, ಮೊಣಕಾಲು ಊದಿಕೊಂಡು ನೀರಿನ ಬಾಟಲಿಯ ಮುಚ್ಚಳ ತಿರುಗಿಸಲೂ ಅವಳಿಗೆ ಆಗುತ್ತಿರಲಿಲ್ಲ. ಹೋದ ಕಡೆಯೆಲ್ಲ ಆಂಟಿಬಯಾಟಿಕ್ ಕೊಟ್ಟರು. ಒಂದು ಮುಗಿದರೆ ಇನ್ನೊಂದು. ಒಂದು ಕಡೆಯಂತೂ ಅವಳು ಎದುರಿಗೇ ಕೂತಿದ್ದರೂ ನನ್ನ ಕಡೆ ತಿರುಗಿ, "ಮನೆಯಲ್ಲಿ ಏನಾದರೂ ಟೆನ್ಷನ್ ಇದೆಯಾ? ಈ ವಯಸ್ಸಿಗೆ ಬೇರೆ ಏನೂ ಇರಲ್ಲ" ಅಂದರು. ಅಲ್ಲಿಂದ ಬಂದ ಮೇಲೆ ಅವಳು ನೋವನ್ನು ಹೇಳಿಕೊಳ್ಳುವುದನ್ನೇ ಬಿಟ್ಟಳು. ಆ ಮಾತಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಇಲ್ಲಿನ ಡಾಕ್ಟರ್ ನಮ್ಮ ದಪ್ಪ ಫೈಲನ್ನು ಮೊದಲು ಪಕ್ಕಕ್ಕಿಟ್ಟರು. "ನೀವು ಹೇಳಿಮ್ಮಾ, ಪೂರ್ತಿ ಚೆನ್ನಾಗಿದ್ದ ಕೊನೆಯ ದಿನ ಯಾವುದು? ಅಲ್ಲಿಂದ ಶುರುಮಾಡಿ" ಅಂತ ಅವಳನ್ನೇ ಕೇಳಿದರು. ಮಧ್ಯದಲ್ಲಿ ತಡೆಯಲಿಲ್ಲ. ಅವಳು ಹೇಳಿದ್ದನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಂಡರು. ಆಮೇಲೆ ನನ್ನ ಕಡೆ ನೋಡಿ, "ಜ್ವರ ಏರಿದಾಗ ಇವರ ಪಕ್ಕದಲ್ಲಿ ಇರೋದು ನೀವು. ನಿಮಗೆ ಏನು ಕಾಣಿಸುತ್ತೆ?" ಅಂದರು. ಅಲ್ಲಿಯವರೆಗೆ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ.

ನಾನು ಚರ್ಮದ ಬಗ್ಗೆ ಹೇಳಿದೆ. ಜ್ವರ ಏರಿದಾಗ ಎದೆ, ಬೆನ್ನು, ತೋಳುಗಳ ಮೇಲೆ ತಿಳಿ ಗುಲಾಬಿ ಬಣ್ಣದ ಮಚ್ಚೆಗಳು ಏಳುತ್ತಿದ್ದವು. ತುರಿಕೆ ಇರುತ್ತಿರಲಿಲ್ಲ. ಜ್ವರ ಇಳಿದರೆ ಅವೂ ಮಾಯ. ನಾವು ಎಲ್ಲ ಕಡೆ ಹೋಗುತ್ತಿದ್ದದ್ದು ಬೆಳಗಿನ ಓಪಿಡಿಗೆ. ಆ ಹೊತ್ತಿಗೆ ಮೈ ಸ್ವಚ್ಛವಾಗಿರುತ್ತಿತ್ತು, ಚೀಟಿಯಲ್ಲಿ 'ಚರ್ಮ ನಾರ್ಮಲ್' ಅಂತ ಬರೆಯುತ್ತಿದ್ದರು. ನನ್ನ ಫೋನಿನಲ್ಲಿ ಫೋಟೋಗಳಿದ್ದವು. ಡಾಕ್ಟರ್ ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು, ತೆಗೆದ ಸಮಯವನ್ನೂ ಗಮನಿಸಿದರು. ಆಮೇಲೆ ಕುತ್ತಿಗೆಯ ಗಂಟುಗಳು, ಹೊಟ್ಟೆ, ಕೈಬೆರಳಿನ ಒಂದೊಂದು ಕೀಲನ್ನೂ ಒತ್ತಿ ನೋಡಿದರು. ಫೈಲ್ ತೆರೆದದ್ದು ಅದಾದ ಮೇಲೆ.

ಅಡ್ಮಿಟ್ ಮಾಡಿಕೊಂಡರು. ಕಾರಣ ಸಿಗದ ಜ್ವರಕ್ಕೂ ವೈದ್ಯರ ಹತ್ತಿರ ಒಂದು ಲೆಕ್ಕ ಇದೆ ಅಂತ ನನಗೆ ಗೊತ್ತಾಗಿದ್ದು ಇಲ್ಲೇ. 1961ರಲ್ಲಿ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಅನ್ನುವ ಇಬ್ಬರು ವೈದ್ಯರು ಹಾಕಿಕೊಟ್ಟದ್ದು: ಮತ್ತೆ ಮತ್ತೆ 38.3 ಡಿಗ್ರಿ ದಾಟಬೇಕು, ಮೂರು ವಾರಕ್ಕಿಂತ ಜಾಸ್ತಿ ಇರಬೇಕು, ಆಸ್ಪತ್ರೆಯಲ್ಲಿ ಒಂದು ವಾರ ಹುಡುಕಿದರೂ ಕಾರಣ ಸಿಕ್ಕಿರಬಾರದು. ಹುಡುಕುವುದು ಮುಖ್ಯವಾಗಿ ಸೋಂಕು, ಕ್ಯಾನ್ಸರ್, ಇಲ್ಲವೇ ದೇಹದ ರಕ್ಷಣಾ ವ್ಯವಸ್ಥೆ ತಾನೇ ಕೆರಳಿ ತರುವ ಉರಿಯೂತ. ಬ್ಲಡ್ ಕಲ್ಚರ್, ಟಿಬಿ ಪರೀಕ್ಷೆ, ಸಿಟಿ ಸ್ಕ್ಯಾನ್, ಕುತ್ತಿಗೆಯ ಒಂದು ಗಂಟಿನ ಬಯಾಪ್ಸಿ, ಎಲ್ಲ ಆದವು. ಪ್ರತಿಯೊಂದನ್ನೂ ಯಾಕೆ ಮಾಡುತ್ತಿದ್ದೇವೆ ಅಂತ ಮೊದಲೇ ಹೇಳುತ್ತಿದ್ದರು.

ಬಯಾಪ್ಸಿ ರಿಪೋರ್ಟ್‌ಗಾಗಿ ಕಾದ ದಿನಗಳು ತುಂಬಾ ಕಷ್ಟದವು. ಸಂಜೆ ಅವಳು ನಡುಗುತ್ತಾ ಮಲಗಿರುವಾಗ ನಾನು ಡಾಕ್ಟರ್ ಹತ್ತಿರ ಜೋರಾಗಿಯೇ ಕೇಳಿದೆ, "ಸ್ಟೀರಾಯ್ಡ್ ಕೊಟ್ಟರೆ ಇಳಿಯಬಹುದು ಅಂತ ನೀವೇ ಹೇಳ್ತೀರಿ, ಯಾಕೆ ಕೊಡ್ತಿಲ್ಲ?" ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಇದು ಲಿಂಫೋಮಾ, ಅಂದರೆ ಇಂಥ ಗಂಟುಗಳಲ್ಲಿ ಬರುವ ಕ್ಯಾನ್ಸರ್ ಆಗಿದ್ದರೆ, ಮೊದಲೇ ಸ್ಟೀರಾಯ್ಡ್ ಕೊಟ್ಟರೆ ಗಂಟು ಕುಗ್ಗಿ ಬಯಾಪ್ಸಿಯಲ್ಲೂ ಕಾಣದೆ ಹೋಗಬಹುದು ಅಂತ ವಿವರಿಸಿದರು. ನೋವಿಗೆ, ಜ್ವರಕ್ಕೆ ಬೇರೆ ಔಷಧಿ ಕೊಡುತ್ತಿದ್ದರು. ರಾತ್ರಿ ಮನೆಗೆ ಹೋಗುವ ಮುಂಚೆ ಇನ್ನೊಮ್ಮೆ ಬಂದು ಅವಳನ್ನು ನೋಡಿಕೊಂಡು ಹೋದರು.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಕಲ್ಚರ್‌ನಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ. ಹೆಂಗಸರಲ್ಲಿ ಸಾಮಾನ್ಯವಾಗಿ 200ರ ಒಳಗೆ ಇರುವ, ಉರಿಯೂತದಲ್ಲಿ ಏರುವ ಫೆರಿಟಿನ್ ಅನ್ನುವ ರಕ್ತದ ಅಂಶ ಅವಳಿಗೆ ಸಾವಿರಗಳಲ್ಲಿತ್ತು. ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿದೆಯಾ ಅಂತ ನೋಡುವ ಎಎನ್‌ಎ, ರುಮಟಾಯ್ಡ್ ಫ್ಯಾಕ್ಟರ್ ಅನ್ನುವ ರಕ್ತಪರೀಕ್ಷೆಗಳೆರಡೂ ನೆಗೆಟಿವ್. ಈ ಎರಡು ರಿಪೋರ್ಟ್ ಹಿಡಿದೇ ಹಿಂದೆ ಒಬ್ಬರು "ಎಲ್ಲ ನಾರ್ಮಲ್ ಇದೆ, ಮನೆಗೆ ಹೋಗಿ" ಅಂದಿದ್ದರು. ಇಲ್ಲಿ ಅದೇ ನೆಗೆಟಿವ್ ಒಂದು ಸುಳಿವಾಯಿತು. ಡಾಕ್ಟರ್ ಹೇಳಿದ ಹೆಸರು ಅಡಲ್ಟ್ ಆನ್‌ಸೆಟ್ ಸ್ಟಿಲ್ಸ್ ಡಿಸೀಸ್, ದೊಡ್ಡವರಲ್ಲಿ ಶುರುವಾಗುವ ಉರಿಯೂತದ ಕಾಯಿಲೆ. ಅದನ್ನು ಗುರುತಿಸಲು 1992ರಲ್ಲಿ ಬಂದ ಯಾಮಾಗುಚಿ ಪಟ್ಟಿ ಬಳಸುತ್ತಾರೆ. ಜ್ವರ, ಕೀಲು ನೋವು, ಬಂದು ಹೋಗುವ ಮಚ್ಚೆ, ಏರಿದ ಬಿಳಿ ರಕ್ತಕಣ ಅದರ ಮುಖ್ಯ ಲಕ್ಷಣಗಳು. ಗಂಟಲು ನೋವು, ಊದಿದ ಗಂಟುಗಳ ಜೊತೆಗೆ ಆ ಎರಡು ಪರೀಕ್ಷೆ ನೆಗೆಟಿವ್ ಇರುವುದೂ ಲೆಕ್ಕಕ್ಕೆ ಬರುತ್ತದೆ. ಬೇರೆ ಕಾರಣಗಳು ಇಲ್ಲ ಅಂತ ಆದ ಮೇಲಷ್ಟೇ ಈ ಹೆಸರು ಹೇಳಬಹುದು. ಇದೊಂದನ್ನೇ ಹಿಡಿದು ತೋರಿಸುವ ರಕ್ತಪರೀಕ್ಷೆ ಇಲ್ಲ.

ಹೆಸರು ಕೇಳಿದ ತಕ್ಷಣ ಅವಳು, "ಹಾಗಾದರೆ ನಾನು ಸುಮ್ನೆ ಅಂದುಕೊಂಡಿದ್ದಲ್ಲ, ಅಲ್ವಾ?" ಅಂದಳು. "ಅಲ್ಲಮ್ಮಾ, ಒಂದು ದಿನಾನೂ ಅಲ್ಲ" ಅಂದರು ಡಾಕ್ಟರ್. ಅವರು ಬೇರೆ ಏನೂ ಮಾಡದಿದ್ದರೂ ಇದೊಂದು ಮಾತಿಗೆ ನಾನು ಈ ರಿವ್ಯೂ ಬರೆಯುತ್ತಿದ್ದೆ.

ಆಮೇಲಿನ ಮಾತುಕತೆಯೂ ಅಷ್ಟೇ ಚೆನ್ನಾಗಿತ್ತು. ರಕ್ಷಣಾ ವ್ಯವಸ್ಥೆಯ ಕೆರಳಿಕೆ ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ ಶುರುಮಾಡುವ ಮುಂಚೆ ಮಗುವಿನ ಯೋಚನೆ ಇದೆಯಾ ಅಂತ ಅವರೇ ಕೇಳಿದರು. ಈ ಮಾತ್ರೆ ತೆಗೆದುಕೊಳ್ಳುವಾಗ ಗರ್ಭ ನಿಲ್ಲಬಾರದು, ಮಗು ಬೇಕೆಂದಾಗ ಮೊದಲೇ ಬಂದು ಹೇಳಿ, ಔಷಧಿ ಬದಲಾಯಿಸೋಣ ಅಂದರು. ಸ್ಟೀರಾಯ್ಡನ್ನು ನಾವಾಗಿಯೇ ಥಟ್ಟನೆ ನಿಲ್ಲಿಸಬಾರದು ಅಂತಲೂ ಎಚ್ಚರಿಸಿದರು. ಜ್ವರ ಇಳಿಯದೇ ಹಾಗೇ ನಿಂತರೆ, ಎಲ್ಲಾದರೂ ರಕ್ತ ಸೋರಿದರೆ, ತುಂಬಾ ಮಂಕಾದರೆ ತಕ್ಷಣ ಎಮರ್ಜೆನ್ಸಿಗೆ ಬರಬೇಕು. ಈ ಕಾಯಿಲೆಯಲ್ಲಿ ಅಪರೂಪಕ್ಕೆ ಪ್ಲೇಟ್‌ಲೆಟ್ ಕುಸಿದು ಜೀವಕ್ಕೇ ಅಪಾಯ ಆಗಬಹುದಂತೆ.

ಕೊರತೆಗಳೂ ಇವೆ. ಓಪಿಡಿಯಲ್ಲಿ ಕಾಯುವುದು ವಿಪರೀತ, ಕೂರುವ ಕುರ್ಚಿಗಳು ಕೀಲು ನೋವಿನವರಿಗೆ ಆಗುವಂಥವಲ್ಲ. ರಕ್ತ ಕೊಡುವ ಕೌಂಟರ್ ಒಂದು ಮಹಡಿಯಲ್ಲಿ, ಸ್ಕ್ಯಾನ್ ಇನ್ನೊಂದರಲ್ಲಿ. ಮೊಣಕಾಲು ಊದಿದವಳಿಗೆ ಕೇಳುವವರೆಗೂ ವ್ಹೀಲ್‌ಚೇರ್ ಕೊಡಲಿಲ್ಲ. ಜ್ವರ ಬರುವುದೇ ಸಂಜೆಗೆ, ಆದರೆ ಸಂಜೆ ವಿಭಾಗದ ಫೋನ್ ಎತ್ತುವವರಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಡಿಸ್ಚಾರ್ಜ್ ಚೀಟಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೆ ಕುತ್ತು. ಚೀಟಿಯಲ್ಲಿ ಅದು ದಿನದ ಮಾತ್ರೆಗಳ ಸಾಲಿನಲ್ಲೇ, ಅದೇ ಸಣ್ಣ ಅಕ್ಷರದಲ್ಲಿತ್ತು. ವಾರ್ಡಿನ ನರ್ಸ್ ನಮ್ಮನ್ನು ಕೂರಿಸಿಕೊಂಡು, ವಾರದ ಒಂದು ದಿನವನ್ನು ಅವಳಿಂದಲೇ ಆರಿಸಿ, ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು ಸುತ್ತ ಗೆರೆ ಎಳೆದುಕೊಟ್ಟರು. ಫೋಲಿಕ್ ಆಸಿಡ್ ಯಾವ ದಿನ ಅಂತಲೂ ಬರೆದರು. ಆ ನರ್ಸ್ ರಜೆಯಲ್ಲಿರುವ ದಿನ ಮನೆಗೆ ಹೋಗುವ ರೋಗಿಗೆ ಇದನ್ನು ಯಾರು ಹೇಳುತ್ತಾರೆ? ವಿಭಾಗದವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಒಂದು ಸಾಲನ್ನು ಬೇರೆಯಾಗಿ, ದೊಡ್ಡದಾಗಿ ಅಚ್ಚು ಹಾಕಿಸಿ.