ಸುಣ್ಣದ ಚೌಕ, ಹಗ್ಗ, ಕೇರಂ ಕಾಯಿ, ಚೀಟಿ: ನಮ್ಮ ಅಂಗಡಿಯಲ್ಲಿ ಯಾವುದು ನಡೆಯಿತು?

ಕುಮಟಾದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಅಜ್ಜ ಶುರು ಮಾಡಿದ್ದು. ಒಳಗೆ 10 ಅಡಿ ಅಗಲ, 14 ಅಡಿ ಉದ್ದ. ಅದರಲ್ಲಿ ಅರ್ಧ ಜಾಗ ಅಕ್ಕಿ ಚೀಲ, ಎಣ್ಣೆ ಡಬ್ಬಗಳಿಗೇ ಹೋಗುತ್ತದೆ. ಎದುರಿಗೆ ಚಿರೆಕಲ್ಲಿನ ಜಗಲಿ, ಎರಡು ಮೆಟ್ಟಿಲು, ಕೆಳಗಿಳಿದರೆ ರಸ್ತೆ. 2020ರ ಮಾರ್ಚ್ ತನಕ ಈ ಅಳತೆಗಳ ಬಗ್ಗೆ ನಾನು ತಲೆ ಕೆಡಿಸಿಕೊಂಡವನೇ ಅಲ್ಲ. ಆಮೇಲೆ ಟೇಪು ಹಿಡಿದು ಅಳೆದೆ. ಆರು ಅಡಿ ದೂರ ನಿಲ್ಲಬೇಕು ಅಂದರೆ ಒಳಗೆ ನಾನೊಬ್ಬ, ಗಿರಾಕಿ ಒಬ್ಬ. ಅಷ್ಟೇ.

ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ ಆಯಿತು. 24ರ ರಾತ್ರಿ ಟೀವಿಯಲ್ಲಿ ಲಾಕ್‌ಡೌನ್ ಅಂದರು. ದಿನಸಿ ಅಂಗಡಿ ತೆರೆಯಬಹುದು ಎಂದೂ ಹೇಳಿದರು. ಆದರೆ ಅದನ್ನು ಅರ್ಧ ಜನ ಕೇಳಿಸಿಕೊಂಡಿರಲೇ ಇಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಚೌತಿ ಹಬ್ಬದ ಹಿಂದಿನ ದಿನದ ಹಾಗೆ ಜನ. ಅತ್ತ ಭಟ್ಕಳದಲ್ಲಿ ಆಗಲೇ ಸೋಂಕು ಕಾಣಿಸಿಕೊಂಡಿತ್ತು, ಜಿಲ್ಲೆಗೆ ಜಿಲ್ಲೆಯೇ ಹೆದರಿತ್ತು. ಹೆದರಿಕೆ ಇದ್ದರೂ ಸಕ್ಕರೆ ಬೇಕಲ್ಲ!

ಅಲ್ಲಿಂದ 2021ರ ಜೂನ್ ತನಕ ನಾನು ಜನರನ್ನು ದೂರ ದೂರ ನಿಲ್ಲಿಸಲು ಐದು ದಾರಿ ಹಿಡಿದು ನೋಡಿದೆ. ಒಂದು ಹತ್ತು ದಿನದ ಮೇಲೆ ಬಾಳಲಿಲ್ಲ. ಒಂದು ಇವತ್ತಿಗೂ ಡ್ರಾಯರಿನಲ್ಲಿದೆ.

ಮೊದಲನೆಯದು ಎಲ್ಲರೂ ಮಾಡಿದ್ದು. ಸುಣ್ಣದ ಪುಡಿಯಲ್ಲಿ ರಸ್ತೆಯ ಬದಿಗೆ ಚೌಕ ಹಾಕುವುದು. ಖರ್ಚು 40 ರೂಪಾಯಿ. ಫೋಟೋದಲ್ಲಿ ಬಹಳ ಚಂದ ಕಾಣುತ್ತದೆ. ಆದರೆ ಏಪ್ರಿಲ್ ತಿಂಗಳಲ್ಲಿ ಕರಾವಳಿಯ ಬಿಸಿಲಿಗೆ ಹತ್ತು ಗಂಟೆಯ ಮೇಲೆ ಯಾರು ನಿಲ್ಲುತ್ತಾರೆ? ಮೂರನೇ ದಿನ ನೋಡುತ್ತೇನೆ, ಐದು ಚೌಕಗಳಲ್ಲಿ ಮೂರು ಕೈಚೀಲ, ಒಂದು ಜೊತೆ ಹವಾಯಿ ಚಪ್ಪಲಿ, ಒಂದು ಕಲ್ಲು. ಚೀಲದ ಯಜಮಾನರೆಲ್ಲ ಪಕ್ಕದ ಮರದ ನೆರಳಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಕರೋನಾ ಬಗ್ಗೆಯೇ ಮಾತಾಡುತ್ತಿದ್ದರು. ಚೀಲಗಳು ಮಾತ್ರ ನಿಯಮ ಪಾಲಿಸಿದವು.

ಇನ್ನೊಂದು ತೊಂದರೆ ಜಾಗದ್ದು. ಆರು ಅಡಿಗೊಂದರಂತೆ ಐದು ಚೌಕ ಹಾಕಿದರೆ ಆರನೆಯದು ಪಕ್ಕದ ಔಷಧಿ ಅಂಗಡಿಯ ಬಾಗಿಲಿಗೇ ಬರುತ್ತದೆ. ಅವರ ಸಾಲು ಈ ಕಡೆಗೆ, ನಮ್ಮ ಸಾಲು ಆ ಕಡೆಗೆ. ಅಕ್ಕಿಗೆ ಬಂದವರು ಔಷಧಿ ಸಾಲಿನಲ್ಲಿ ನಿಂತು, ಅರ್ಧ ಗಂಟೆ ಕಳೆದ ಮೇಲೆ ಬೈದುಕೊಂಡು ಹೋದದ್ದೂ ಇದೆ. ಜೂನ್ ಬಂತು, ಮಳೆ ಸುಣ್ಣ ತೊಳೆದುಕೊಂಡು ಹೋಯಿತು. ಆಯಿಲ್ ಪೇಂಟಿನಲ್ಲಿ ಮತ್ತೆ ಬಳಿದೆ. ಪೇಂಟ್ ಉಳಿಯಿತು, ಅದರ ಮೇಲೆ ನಿಲ್ಲುವವರು ಇರಲಿಲ್ಲ. ನಮ್ಮೂರ ಮಳೆಯಲ್ಲಿ ಕೊಡೆ ಹಿಡಿದು ಬಯಲಲ್ಲಿ ಸಾಲು ನಿಲ್ಲಿ ಅಂತ ಹೇಳುವುದಕ್ಕೆ ನನಗೇ ನಾಚಿಕೆ ಆಗುತ್ತಿತ್ತು.

ಎರಡನೆಯದು ಹಗ್ಗ. ಜಗಲಿಯ ಕಂಬದಿಂದ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಕಟ್ಟಿದೆ, ಬಾಗಿಲಿಗೆ ಅಡ್ಡ ಒಂದು ಟೇಬಲ್ ಇಟ್ಟೆ. ಯಾರೂ ಮೆಟ್ಟಿಲು ಹತ್ತುವ ಹಾಗಿಲ್ಲ. ಕೆಳಗೆ ನಿಂತು ಹೇಳಬೇಕು, ನಾನು ತಂದು ಟೇಬಲ್ ಮೇಲೆ ಇಟ್ಟು ಹಿಂದೆ ಸರಿಯಬೇಕು, ಅವರು ತೆಗೆದುಕೊಂಡು ದುಡ್ಡು ಇಡಬೇಕು. ಬರೀ ದೂರದ ಲೆಕ್ಕ ಹಿಡಿದರೆ ಇದಕ್ಕೆ ನೂರಕ್ಕೆ ನೂರು. ಪೊಲೀಸರೂ ಒಮ್ಮೆ ನಿಂತು ನೋಡಿ ಸರಿ ಇದೆ ಅಂದು ಹೋದರು.

ವ್ಯಾಪಾರ ಸ್ವಲ್ಪ ಬಿತ್ತು. ಕಿರಾಣಿ ಅಂಗಡಿಗೆ ಬರುವವರಿಗೆ ಅಕ್ಕಿಯನ್ನು ಅಂಗೈಯಲ್ಲಿ ಹಾಕಿ ನೋಡಬೇಕು, ಬೆಲ್ಲ ಚಿವುಟಿ ನೋಡಬೇಕು. ಅದನ್ನು ಸಹಿಸಿಕೊಳ್ಳಬಹುದಿತ್ತು. ಆದರೆ ಒಂಬತ್ತನೆಯದೋ ಹತ್ತನೆಯದೋ ದಿನ ಒಬ್ಬರು ವಯಸ್ಸಾದ ಅಮ್ಮ ಬಂದರು. ನಾನು ಹುಡುಗನಾಗಿದ್ದಾಗಿನಿಂದ ನೋಡಿದವರು, ತೋಟದ ಕೆಲಸಕ್ಕೆ ಹೋಗುವವರು. ಹಗ್ಗವನ್ನೂ ನನ್ನನ್ನೂ ನೋಡಿದರು.

"ನಮ್ಮವ್ವ ಇಲ್ಲೇ ಕೆಳಗೆ ನಿಂತ್ಕಂಡೇ ಸಾಮಾನು ತಕಂಡು ಹೋಗ್ತಿತ್ತು ತಮಾ. ಮೇಲೆ ಹತ್ತುಕೆ ನಿಮ್ಮಜ್ಜ ಬಿಡ್ತಿರ್ಲಿಲ್ಲ. ಈಗ ನೀನೂ ಹಗ್ಗ ಕಟ್ದ್ಯಾ?"

ಸಿಟ್ಟಿನಿಂದ ಹೇಳಿದ್ದಲ್ಲ. ನಗುತ್ತಲೇ ಹೇಳಿದರು. ನನಗೆ ಮಾತ್ರ ಬಾಯಿ ಬರಲಿಲ್ಲ. ಇದು ರೋಗಕ್ಕೆ ಅಮ್ಮಾ, ಎಲ್ಲರಿಗೂ ಒಂದೇ ಅಂದೆ. "ಗೊತ್ತದೆ, ಗೊತ್ತದೆ" ಅಂದರು. ಅಜ್ಜ ಸಾಮಾನನ್ನು ಮೇಲಿನಿಂದ ಚೀಲಕ್ಕೆ ಹಾಕುತ್ತಿದ್ದರು, ದುಡ್ಡಿಗೆ ನೀರು ಚಿಮುಕಿಸಿ ಒಳಗೆ ತರುತ್ತಿದ್ದರು ಅಂತ ಅಪ್ಪ ಯಾವಾಗಲೋ ಹೇಳಿದ್ದು ನೆನಪಾಯಿತು. ನಾನು ಆ ವಾರವಿಡೀ ನೋಟಿಗೆ ಸ್ಯಾನಿಟೈಸರ್ ಚಿಮುಕಿಸುತ್ತಿದ್ದೆ. ಸರ್ಕಾರದವರು 'ಸಾಮಾಜಿಕ ಅಂತರ' ಅನ್ನುತ್ತಿದ್ದರು. ಆ ಮಾತು ನಮ್ಮ ಕಡೆ ಎಷ್ಟು ಹಳೆಯದು ಅಂತ ಯಾರಿಗೂ ಹೊಳೆದಿರಲಿಲ್ಲವೋ ಏನೋ. ವಿಶ್ವ ಆರೋಗ್ಯ ಸಂಸ್ಥೆಯವರು ಆ ಮಾರ್ಚಿನಲ್ಲೇ 'ದೈಹಿಕ ಅಂತರ' ಎಂದು ಹೇಳಲು ಶುರು ಮಾಡಿದ್ದರು, ನಮ್ಮಲ್ಲಿ ಅದು ಬಾಯಿಗೆ ಹತ್ತಲಿಲ್ಲ.

ಸಂಜೆ ಹಗ್ಗ ಬಿಚ್ಚಿದೆ. ರೋಗ ಹೆದರಿಸುತ್ತಿತ್ತು, ಆದರೂ ಬಿಚ್ಚಿದೆ.

ಬದಲಿಗೆ ಪ್ಲಾಸ್ಟಿಕ್ ಹಾಳೆ ತೂಗುಹಾಕಿದೆ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇಷ್ಟು ದಡ್ಡ ಕೆಲಸ ನಾನು ಇನ್ನೊಂದು ಮಾಡಿಲ್ಲ. 600 ರೂಪಾಯಿಯ ದಪ್ಪ ಹಾಳೆ, ಮಾಡಿನ ಜಂತಿಯಿಂದ ಗಲ್ಲೆಯ ತನಕ. ಫ್ಯಾನ್ ಹಾಕಿದರೆ ಹಾಳೆ ಹಾರಿ ಮುಖಕ್ಕೆ ಬಡಿಯುತ್ತದೆ, ಹಾಗಾಗಿ ಫ್ಯಾನ್ ಬಂದ್. ಮಾಸ್ಕ್ ಒಳಗಿನಿಂದ ಅವರು ಹೇಳುವ 'ಕಡಲೆ' ನನಗೆ 'ಕಡಲೆಬೇಳೆ' ಆಗುತ್ತಿತ್ತು. ಕೇಳಿಸದಿದ್ದಾಗ ಏನು ಮಾಡುತ್ತಾರೆ? ಹಾಳೆ ಎತ್ತಿ, ತಲೆ ಒಳಗೆ ಹಾಕಿ, ಮಾಸ್ಕ್ ಕೆಳಗೆ ಎಳೆದು, ಜೋರಾಗಿ ಹೇಳುತ್ತಾರೆ. ಮೊದಲು ಮೂರು ಅಡಿ ದೂರ ಇದ್ದವರು ಈಗ ಒಂದು ಅಡಿಗೆ ಬಂದರು! 2020ರ ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ ಒಂದು ಪತ್ರ ಬರೆದರು. ಈ ವೈರಸ್ ಬರೀ ಎಂಜಲ ಹನಿಯಲ್ಲಿ ಅಲ್ಲ, ಗಾಳಿಯಲ್ಲಿ ತೇಲಿಕೊಂಡೂ ಹರಡಬಹುದು, ಒಳಗಡೆ ಗಾಳಿ ಆಡಬೇಕು ಅಂತ. ಪೇಪರಿನಲ್ಲಿ ಅದನ್ನು ಓದಿದ ದಿನ ನನ್ನ ಹಾಳೆ ಇನ್ನೂ ತೂಗುತ್ತಿತ್ತು. ಹನಿಯಾದರೆ ಹಾಳೆಗೆ ತಾಗಿ ಇಳಿಯುತ್ತದೆ. ಗಾಳಿ ಸುತ್ತು ಹೊಡೆದು ಬರುತ್ತದೆ. ಫ್ಯಾನ್ ನಿಲ್ಲಿಸಿ, ಕಿಟಕಿ ಕಡೆ ಹಾಳೆ ಕಟ್ಟಿ ನಾನು ಗಾಳಿಯನ್ನೇ ಕೂಡಿಹಾಕಿ ಇಟ್ಟಿದ್ದೆ. ಆ ಹಾಳೆ ಈಗ ಸೌದೆ ಮೇಲಿದೆ, ಮಳೆಗಾಲಕ್ಕೆ ಬಹಳ ಉಪಯೋಗ.

ಕೇರಂ ಕಾಯಿ ನನ್ನ ಮಗಳ ತಲೆಯಿಂದ ಬಂದದ್ದು. ಶಾಲೆ ಇರಲಿಲ್ಲ, ಆಡಿ ಆಡಿ ಅವಳಿಗೂ ಬೇಜಾರಾಗಿತ್ತು. ಒಂಬತ್ತು ಬಿಳಿ, ಒಂಬತ್ತು ಕಪ್ಪು, ಒಂದು ಕೆಂಪು. ಬಿಳಿಯ ಮೇಲೂ ಕಪ್ಪಿನ ಮೇಲೂ 1ರಿಂದ 9ರ ತನಕ ನಂಬರ್ ಬರೆದಳು. ಬಂದವರು ಜಗಲಿಯ ತುದಿಯಲ್ಲಿರುವ ತಟ್ಟೆಯಿಂದ ಒಂದು ಕಾಯಿ ತೆಗೆದುಕೊಳ್ಳುವುದು. ಆಮೇಲೆ ಎಲ್ಲಿ ಬೇಕಾದರೂ ಇರಲಿ. ಮರದಡಿ, ಬೈಕಿನ ಮೇಲೆ, ಎದುರಿನ ಕಟ್ಟೆಯಲ್ಲಿ. ನಾನು "ಕಪ್ಪು ಮೂರು" ಅಂತ ಕೂಗುವುದು. ಅವರು ಬಂದು, ಸಾಬೂನು ನೀರಿನ ಡಬ್ಬಕ್ಕೆ ಕಾಯಿ ಹಾಕಿ, ಒಳಗೆ ಬರುವುದು. ಒಬ್ಬರೇ, ಆದರೆ ಅಂಗಡಿಯ ಒಳಗೇ. ಅಕ್ಕಿ ಮುಟ್ಟಿ ನೋಡಲಿ, ನನ್ನದೇನೂ ಅಡ್ಡಿ ಇಲ್ಲ. ಕೆಂಪು ಕಾಯಿ ವಯಸ್ಸಾದವರಿಗೆ, ಬಸುರಿಯರಿಗೆ. ಅದು ಕೈಯಲ್ಲಿದ್ದರೆ ಮುಂದಿನ ಸರದಿ ಅವರದು.

ಸುಣ್ಣದ ಚೌಕಕ್ಕೂ ಇದಕ್ಕೂ ಏನು ವ್ಯತ್ಯಾಸ? ಚೌಕದಲ್ಲಿ ನಿಂತವನಿಗೆ ತನ್ನ ಸರದಿ ಹೋದೀತೆಂಬ ಹೆದರಿಕೆ. ಅದಕ್ಕೇ ಮುಂದೆ ಮುಂದೆ ಸರಿಯುತ್ತಾನೆ. ಕಾಯಿ ಕೈಯಲ್ಲಿದ್ದರೆ ಆ ಹೆದರಿಕೆ ಇಲ್ಲ. ದೂರ ಹೋಗಿ ಅಂತ ನಾನು ಒಮ್ಮೆಯೂ ಹೇಳಬೇಕಾಗಿ ಬರಲಿಲ್ಲ, ಜನ ತಾವೇ ಚದುರಿದರು. ಆ ಅಮ್ಮನೂ ಬಂದರು. ಕೆಂಪು ಕಾಯಿ ಹಿಡಿದು ಮೆಟ್ಟಿಲು ಹತ್ತಿ ಒಳಗೆ ಬಂದು, ಕುಚ್ಚಲಕ್ಕಿಯನ್ನು ಮೂರು ಚೀಲದಲ್ಲಿ ಕೈ ಹಾಕಿ ನೋಡಿ, ಕೊನೆಗೆ ಮೊದಲನೆಯದನ್ನೇ ತೆಗೆದುಕೊಂಡರು.

ದೋಷ ಇಲ್ಲ ಅಂತಲ್ಲ. ಸಾಬೂನು ನೀರಿಗೆ ನಂಬರ್ ಅಳಿಸಿ ಹೋಯಿತು. ಆಮೇಲೆ ಮೊಳೆ ಕಾಯಿಸಿ ಕೊರೆದೆ. ಒಬ್ಬರು ಕಾಯಿ ಕಿಸೆಯಲ್ಲಿಟ್ಟುಕೊಂಡು ಮೂರೂರು ಎಂಬ ಊರಿನ ತನಕ ಹೋಗಿ, ಮುಂದಿನ ವಾರ ತಂದು "ನನ್ನ ನಂಬರ್ ಕೂಗಿದ್ರಾ?" ಅಂದರು. ಒಳಗೆ ಬಂದವರು ಮಾತಿಗೆ ಕೂತರೆ ಹೊರಗಿನವರು ಕಾಯಬೇಕು. ನಾನೂ ಮಾತಿನವನೇ, ಪೂರ್ತಿ ತಪ್ಪು ಅವರದ್ದಲ್ಲ. ಗಂಟೆಗೆ ಹದಿನಾಲ್ಕು, ಹದಿನೈದು ಜನರ ಮೇಲೆ ಆಗುತ್ತಿರಲಿಲ್ಲ.

ಆ ಲೆಕ್ಕವೇ 2021ರಲ್ಲಿ ಕೈಕೊಟ್ಟಿತು. ಎರಡನೇ ಅಲೆಯಲ್ಲಿ, ಏಪ್ರಿಲ್ ಕೊನೆಯಿಂದ, ಅಂಗಡಿ ತೆರೆಯಲು ಬೆಳಿಗ್ಗೆ 6ರಿಂದ 10ರ ತನಕ ಮಾತ್ರ ಅವಕಾಶ. ದಿನವಿಡೀ ಬರುವ ಜನ ನಾಲ್ಕು ಗಂಟೆಯಲ್ಲಿ ಬಂದರೆ ಏನಾಗುತ್ತದೆ? ಗುಂಪು ಕಡಿಮೆ ಮಾಡಲು ಮಾಡಿದ ನಿಯಮ ಗುಂಪನ್ನು ತಂದು ನಮ್ಮ ಬಾಗಿಲಿಗೆ ಸುರಿಯಿತು. ಸಂಜೆ ಆರರ ತನಕ ತೆರೆದಿಡಿ, ನಿಧಾನಕ್ಕೆ ಬರಲಿ ಅಂದಿದ್ದರೆ ಒಳ್ಳೆಯದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಮೇ 10ರಿಂದ ಸಾಮಾನಿಗೆ ಗಾಡಿಯಲ್ಲಿ ಬರುವ ಹಾಗಿಲ್ಲ, ನಡೆದೇ ಬನ್ನಿ ಅಂದರು. ಹತ್ತಕ್ಕೆ ಐದು ನಿಮಿಷ ಇರುವಾಗ ಕಾಯಿ ತಟ್ಟೆ ಯಾರಿಗೂ ಬೇಡ, ಎಲ್ಲರಿಗೂ ಒಳಗೆ ಬರಬೇಕು.

ಆಗ ಕೈಹಿಡಿದದ್ದು ಚೀಟಿ. ಹಿಂದಿನ ವರ್ಷವೇ ಸ್ವಲ್ಪ ಶುರು ಮಾಡಿದ್ದೆ, ಈಗ ಗಟ್ಟಿಯಾಗಿ ಹಿಡಿದೆ. ರಾತ್ರಿ ಎಂಟರ ಒಳಗೆ ಸಾಮಾನಿನ ಪಟ್ಟಿ ವಾಟ್ಸಾಪ್ ಮಾಡುವುದು. ನಾವು ಕಟ್ಟಿ ಇಡುವುದು. ಯಾರು ಎಷ್ಟು ಗಂಟೆಗೆ ಬರಬೇಕು ಎಂದು ವಾಪಸ್ ಹೇಳುವುದು. ಬಂದವರು ಚೀಲ ಎತ್ತಿಕೊಂಡು ಎರಡು ನಿಮಿಷದಲ್ಲಿ ಹೊರಡುತ್ತಿದ್ದರು. ನಾಲ್ಕು ಗಂಟೆಯಲ್ಲಿ ಎಂಬತ್ತು ಮನೆಯ ಸಾಮಾನು ಹೋದ ದಿನ ಇದೆ. ಜಗಲಿಯಲ್ಲಿ ಒಂದು ಹೊತ್ತಿಗೆ ಮೂರು ಜನರ ಮೇಲೆ ಕಾಣಲಿಲ್ಲ.

ಆದರೆ ಅದರ ಭಾರ ಎಲ್ಲಾ ನಮ್ಮ ಮೇಲೆ. ಒಂದು ಪಟ್ಟಿ ಕಟ್ಟಲು ಏಳೆಂಟು ನಿಮಿಷ. ರಾತ್ರಿ ಒಂದು ಗಂಟೆ ಆದರೂ ನಾನು, ಹೆಂಡತಿ, ಮಗಳು ಮೂವರೂ ತಕ್ಕಡಿ ಮುಂದೆ. ಕೈಬರಹದ ಫೋಟೋ ಕಳಿಸಿದರೆ 'ಎಳ್ಳು' ಅಂತ ಓದಿ ಕಟ್ಟಿದ್ದು 'ಎಣ್ಣೆ' ಆಗಿರುತ್ತಿತ್ತು. ಒಬ್ಬರು ಧ್ವನಿ ಮೆಸೇಜಿನಲ್ಲಿ ನಾಲ್ಕು ನಿಮಿಷ ಮಗನ ಕೆಲಸದ ಸುದ್ದಿ ಹೇಳಿ ಕೊನೆಗೆ "ಒಂದು ಬೆಂಕಿಪೆಟ್ಟಿಗೆ" ಅಂದಿದ್ದರು. ಪಟ್ಟಿಯಲ್ಲಿ ಇಲ್ಲದ್ದನ್ನು ಯಾರೂ ಕೊಳ್ಳುವುದಿಲ್ಲ, ಹಾಗಾಗಿ ಬಿಸ್ಕತ್ತು, ಚಕ್ಕುಲಿ ಹಾಗೇ ಉಳಿದವು. ಉದ್ರಿಯೂ ಜಾಸ್ತಿ ಆಯಿತು. "ಫೋನ್‌ಪೇ ಮಾಡ್ತೆ" ಅಂತ ಚೀಲ ಎತ್ತಿದವರು ಕೆಲವರು ಇನ್ನೂ ಮಾಡಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ, ಫೋನ್ ಇಲ್ಲದವರು. ಅವರಿಗಾಗಿ 6ರಿಂದ 7ರ ತನಕ ಕಾಯಿ, 7ರ ಮೇಲೆ ಚೀಟಿ ಅಂತ ಮಾಡಿದೆ. ಮುಂದೆ ಕೊನೆಯ ತನಕ ನಡೆದದ್ದು ಇದೇ.

ಬುಟ್ಟಿ ಹೊತ್ತು ಮನೆ ಮನೆಗೆ ಬರುವ ಮೀನಿನ ಅಕ್ಕಂದಿರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವರಿಗೆ ಚೌಕವೂ ಬೇಡ, ಕಾಯಿಯೂ ಬೇಡ. ಸ್ಕೂಟರಿನಲ್ಲಿ ಮನೆಗೆ ತಲುಪಿಸುವುದನ್ನು ನಾನೂ ಹತ್ತಿರದ ಹೆಗಡೆ, ವನ್ನಳ್ಳಿ ಊರುಗಳ ಕಡೆ ಹದಿನೈದು ದಿನ ಮಾಡಿದೆ. 90 ರೂಪಾಯಿಯ ಸಾಮಾನಿಗೆ 40 ರೂಪಾಯಿಯ ಪೆಟ್ರೋಲ್. ಬಿಟ್ಟೆ.

ನನ್ನ ಹೆಂಡತಿ ಕೆಲಸ ಮಾಡುವ ಆಫೀಸಿನಲ್ಲೂ ಎರಡು ಬಗೆ ನೋಡಿದರು. ಒಂದು ಹಾಲ್, ಹನ್ನೊಂದು ಜನ. ಮೊದಲು ಒಂದು ಬಿಟ್ಟು ಒಂದು ಕುರ್ಚಿ. ಕೆಲಸದ ಹೊತ್ತಿನಲ್ಲಿ ಎಲ್ಲರೂ ದೂರ ದೂರ. ಒಂದೂಕಾಲಕ್ಕೆ ಹಿಂದಿನ ಚಿಕ್ಕ ಕೋಣೆಯಲ್ಲಿ ಹನ್ನೊಂದು ಟಿಫಿನ್ ಡಬ್ಬಿ, ಒಬ್ಬರ ಉಪ್ಪಿನಕಾಯಿಗೆ ಇನ್ನೊಬ್ಬರ ಕೈ. ಆಮೇಲೆ ದಿನ ಬಿಟ್ಟು ದಿನ ಎರಡು ಗುಂಪು ಮಾಡಿದರು. ಅದರಲ್ಲಿ ಕ್ಯಾಶ್ ತಾಳೆ ಆಗದೆ ಇವರು ಅವರನ್ನು, ಅವರು ಇವರನ್ನು ಬೈಯುವುದಿತ್ತು. ಒಂದು ನೋಟ್‌ಬುಕ್ ಇಟ್ಟು ಅದರಲ್ಲೇ ಜಗಳ ಆಡುತ್ತಿದ್ದರು. ಆದರೆ ಒಬ್ಬರಿಗೆ ಪಾಸಿಟಿವ್ ಬಂದಾಗ ಅವರ ಗುಂಪು ಮಾತ್ರ ಮನೆಯಲ್ಲಿ ಉಳಿಯಿತು, ಇನ್ನೊಂದು ಗುಂಪು ಬಾಗಿಲು ತೆರೆದು ಕೂತಿತು. ಕುರ್ಚಿ ಲೆಕ್ಕದಲ್ಲೇ ಇದ್ದಿದ್ದರೆ ಹನ್ನೊಂದೂ ಜನ ಒಟ್ಟಿಗೆ ಮನೆಗೆ.

ನಾಳೆ ಮತ್ತೆ ಇಂಥದ್ದೇ ಬಂದರೆ ಏನು ಮಾಡುತ್ತೀಯಾ ಅಂತ ಶಿರಸಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಬಾವ ಕೇಳಿದ. ಅವನಿಗೆ ಚೀಟಿ ನಡೆಯುವುದಿಲ್ಲ, ಸೀರೆಯನ್ನು ಪಟ್ಟಿ ಬರೆದು ಯಾರು ಕೊಳ್ಳುತ್ತಾರೆ? ಅವನಿಗೆ ಕಾಯಿಯೇ ಸರಿ, ಕಿಟಕಿ ಪೂರ್ತಿ ತೆರೆದು. ನನಗೆ ಎರಡೂ ಬೇಕು. ಹಾಳೆ, ಹಗ್ಗ ಎರಡೂ ಬೇಡ. ಸುಣ್ಣದ ಚೌಕ ಪೊಲೀಸರು ಹೇಳಿದರೆ ಹಾಕುತ್ತೇನೆ.

ಕಾಯಿಗಳು ಡ್ರಾಯರಿನಲ್ಲಿವೆ. ಚೌತಿಯ ಹಿಂದಿನ ದಿನ ಗದ್ದಲ ಆದಾಗ ಈಗಲೂ ತಟ್ಟೆ ಹೊರಗೆ ಇಡುತ್ತೇನೆ. ಬಿಳಿ ಏಳು ಯಾರ ಕಿಸೆಯಲ್ಲೋ ಹೋದದ್ದು ಬರಲೇ ಇಲ್ಲ. ಆರು ಆದ ಮೇಲೆ ಎಂಟು ಕೂಗುತ್ತೇನೆ, ಹೊಸಬರು ಯಾರಾದರೂ ಇದ್ದರೆ ಏಳು ಎಲ್ಲಿ ಅಂತ ಹಿಂದೆ ತಿರುಗಿ ನೋಡುತ್ತಾರೆ.